ಅರಗೋನಿನ ನ್ಯಾಯಾಧಿಪತಿ

ಕ್ರಿಸ್ತಶಕ 1590ನೆಯ ಇಸವಿ ಏಪ್ರಿಲ್ ತಿಂಗಳ ಒಂದು ರಾತ್ರಿ ಮ್ಯಾಡ್ರಿಡ್ ನಗರದ ಸೆರೆಯಿಂದ ಒಬ್ಬ ಕೈದಿಯು ತಪ್ಪಿಸಿಕೊಂಡು, ಕುದುರೆಯನ್ನೇರಿ, ಈಶಾನ್ಯ ದಿಕ್ಕಿಗೆ ಓಡಿದನು. ಎರಡು ತಿಂಗಳ ಹಿಂದೆ ಅವನಿಗೆ ಚಿತ್ರಹಿಂಸೆಯನ್ನು ಕೊಟ್ಟಿದ್ದರು. ಅದರ ನೋವು ಇನ್ನೂ ಮೈಯಲ್ಲಿತ್ತು. ಅವನು ಹೊರಟಿದ್ದದ್ದು ಪರದೇಶಕ್ಕಲ್ಲ. ಕ್ಯಾಸ್ಟೈಲ್ ಸೀಮೆಯ ಗಡಿಯನ್ನು ದಾಟಿ ಅರಗೋನ್ ಸೀಮೆಯ ನೆಲದ ಮೇಲೆ ಕಾಲಿಡುವುದೇ ಅವನ ಆಸೆ. ವಿಚಿತ್ರವೆಂದರೆ, ಆ ಎರಡು ಸೀಮೆಗಳಿಗೂ ದೊರೆ ಒಬ್ಬನೇ: ಅರ್ಧ ಯೂರೋಪನ್ನೂ ಅಮೆರಿಕವನ್ನೂ ನಡುಗಿಸುತ್ತಿದ್ದ ಎರಡನೆಯ ಫಿಲಿಪ್.

ಒಬ್ಬ ದೊರೆಯ ಕೈಯಿಂದ ಅದೇ ದೊರೆಯ ಇನ್ನೊಂದು ಕೈಗೆ ಓಡಿಹೋಗಿ ಆ ಕೈದಿಗೆ ಬರುವ ಲಾಭವೇನು ಎಂದು ಶ್ರೋತೃಗಳು ಕೇಳಬಹುದು. ಈ ಸಂಜೆಯ ನಮ್ಮ ಉಪನ್ಯಾಸವೆಲ್ಲ ಆ ಪ್ರಶ್ನೆಗೆ ಕೊಡುವ ಉತ್ತರವೇ. ಸ್ಪೇನ್ ಎಂದು ನಾವು ಈಗ ಒಂದೇ ಹೆಸರಿನಿಂದ ಕರೆಯುವ ದೇಶವು ಆ ಕಾಲದಲ್ಲಿ ಒಂದು ರಾಜ್ಯವಾಗಿರಲಿಲ್ಲ. 1469ರಲ್ಲಿ ಅರಗೋನಿನ ಫರ್ಡಿನೆಂಡನೂ ಕ್ಯಾಸ್ಟೈಲಿನ ಇಸಬೆಲ್ಲಳೂ ಮದುವೆಯಾದುದರಿಂದ ಎರಡು ಸಿಂಹಾಸನಗಳು ಒಂದು ವಂಶಕ್ಕೆ ಬಂದುವೇ ಹೊರತು, ಎರಡು ಕಾನೂನುಗಳು ಒಂದಾಗಲಿಲ್ಲ. ಕ್ಯಾಸ್ಟೈಲಿನಲ್ಲಿ ದೊರೆಯ ಮಾತು ಬಹುದೂರ ನಡೆಯುತ್ತಿತ್ತು. ಅರಗೋನಿನಲ್ಲಾದರೋ ದೊರೆಗೂ ಪ್ರಜೆಗೂ ನಡುವೆ ಒಬ್ಬ ಮನುಷ್ಯನು ನಿಂತಿದ್ದನು. ಅವನಿಗೆ ಹುಸ್ತೀಸಿಯಾ ಎಂದು ಹೆಸರು. ಆ ಮಾತಿಗೆ ನ್ಯಾಯ ಎಂದೇ ಅರ್ಥ. ಅಧಿಕಾರಕ್ಕೂ ಅಧಿಕಾರಿಗೂ ಒಂದೇ ಹೆಸರು. ನಾವು ಅವನನ್ನು ನ್ಯಾಯಾಧಿಪತಿ ಎನ್ನೋಣ.

ಅರಗೋನಿನ ಕಟ್ಟಳೆಗಳಿಗೆ ಫುವೆರೋಗಳೆಂದು ಹೆಸರು. ಅವು ಊರೂರುಗಳ ಹಳೆಯ ವಾಡಿಕೆಗಳಾಗಿ ಚದರಿಹೋಗಿದ್ದುವು. 1247ರಲ್ಲಿ ಉಎಸ್ಕಾ ನಗರದಲ್ಲಿ ಸೇರಿದ ಮಹಾಸಭೆಯ ತರುವಾಯ ಅವುಗಳನ್ನು ಒಂದು ಗ್ರಂಥವಾಗಿ ಕೂಡಿಸಿದವನು ಆ ಊರಿನ ಬಿಷಪ್ಪನಾದ ವಿದಾಲ್ ದೆ ಕನೆಯಾಸ್. ಕೋರ್ತೆಸ್ ಎಂಬ ಆ ಮಹಾಸಭೆಯಲ್ಲಿ ಅರಗೋನಿನವರು ನಾಲ್ಕು ಪಂಗಡಗಳಾಗಿ ಕೂಡುತ್ತಿದ್ದರು: ಮಠಾಧಿಪತಿಗಳು ಮೊದಲಾದ ಧರ್ಮಾಧಿಕಾರಿಗಳು, ದೊಡ್ಡ ಪಾಳೆಯಗಾರರು, ಸಣ್ಣ ಸರದಾರರು, ನಗರಗಳ ಪ್ರತಿನಿಧಿಗಳು. 1265ರಲ್ಲಿ ಎಹೆಯಾ ಎಂಬಲ್ಲಿ ಕೂಡಿದ ಸಭೆಯು, ದೊರೆಗೂ ಪಾಳೆಯಗಾರರಿಗೂ ಜಗಳ ಬಂದರೆ ತೀರ್ಪು ಹೇಳತಕ್ಕವನು ನ್ಯಾಯಾಧಿಪತಿಯೆಂದು ಗೊತ್ತುಮಾಡಿತು. 1283ರಲ್ಲಿ ದೊರೆಯಿಂದ ಸಾಮಾನ್ಯ ಸನ್ನದೊಂದನ್ನು ಬರೆಯಿಸಿಕೊಂಡರು. ಮುಂದೆ 1325ರಲ್ಲಿ ಅದಕ್ಕೆ ಕೊಟ್ಟ ವಿವರಣೆಯಲ್ಲಿ, ಕಳ್ಳನಾಣ್ಯದ ಅಪರಾಧವೊಂದನ್ನು ಬಿಟ್ಟು, ಚಿತ್ರಹಿಂಸೆಯನ್ನು ನಿಷೇಧಿಸಿದರು. ಯೂರೋಪಿನ ನ್ಯಾಯಸ್ಥಾನಗಳಲ್ಲಿ ಕೈದಿಯ ಮೈಯನ್ನು ಹಿಂಡಿ ತಪ್ಪೊಪ್ಪಿಗೆಯನ್ನು ತೆಗೆಯುವುದು ಶಾಸ್ತ್ರೋಕ್ತವೆನಿಸಿಕೊಂಡಿದ್ದ ಕಾಲದ ಮಾತು ಇದು.

ಈ ಹಕ್ಕುಗಳ ಚರಿತ್ರೆ ನೇರವಾದ ದಾರಿಯಲ್ಲಿ ನಡೆಯಲಿಲ್ಲ. 1287ರಲ್ಲಿ ಪಾಳೆಯಗಾರರು ಒಕ್ಕೂಟ ಕಟ್ಟಿಕೊಂಡು, ದೊರೆಯು ಮಾತಿಗೆ ತಪ್ಪಿದರೆ ತಾವು ಬೇರೊಬ್ಬ ದೊರೆಯನ್ನು ಆರಿಸಿಕೊಳ್ಳಬಹುದೆಂಬವರೆಗೆ ಬರೆಯಿಸಿಕೊಂಡಿದ್ದರು. 1348ರಲ್ಲಿ ಎಪಿಲಾ ಎಂಬಲ್ಲಿ ನಡೆದ ಯುದ್ಧದಲ್ಲಿ ಅವರನ್ನು ಮುರಿದ ನಾಲ್ಕನೆಯ ಪೀಟರ್ ದೊರೆಯು ಆ ಸನ್ನದನ್ನು ತರಿಸಿ ತನ್ನ ಕಠಾರಿಯಿಂದ ಸೀಳಿಹಾಕಿದನಂತೆ. ಸೀಳುವ ರಭಸದಲ್ಲಿ ಅವನ ಕೈಯೇ ಕೊಯ್ದುಹೋಯಿತೆಂದು ಕಥೆ. ಕಠಾರಿಯ ಪೀಟರ್ ಎಂಬ ಅಡ್ಡಹೆಸರಂತೂ ಅವನಿಗೆ ಉಳಿಯಿತು. ಆದರೆ ಗಮನಿಸಬೇಕಾದ ಸಂಗತಿ ಇದು: ಪಾಳೆಯಗಾರರ ಸನ್ನದನ್ನು ಸೀಳಿದ ದೊರೆ ನ್ಯಾಯಾಧಿಪತಿಯ ಅಧಿಕಾರವನ್ನು ಸೀಳಲಿಲ್ಲ. ಕತ್ತಿಯಿಂದ ಬಂದ ಹಕ್ಕು ಕತ್ತಿಯಿಂದಲೇ ಹೋಯಿತು. ನ್ಯಾಯಸ್ಥಾನದ ಮೂಲಕ ಬಂದದ್ದು ಉಳಿದು ಬಲವಾಯಿತು. 1442ರ ಕಟ್ಟಳೆಯೊಂದು ದೊರೆಯು ತನ್ನ ಇಷ್ಟಕ್ಕೆ ನ್ಯಾಯಾಧಿಪತಿಯನ್ನು ತೆಗೆದುಹಾಕಕೂಡದೆಂದು ವಿಧಿಸಿತು. ಅಲ್ಲಿಂದ ಮುಂದೆ ಆ ಪದವಿಯು ಲನೂಸಾ ಎಂಬ ಮನೆತನದಲ್ಲಿ ತಂದೆಯಿಂದ ಮಗನಿಗೆ ಎಂಬಂತೆ ನೂರೈವತ್ತು ವರ್ಷಗಳ ಕಾಲ ಇಳಿದುಬಂದಿತು.

ನ್ಯಾಯಾಧಿಪತಿಯ ಕೈಯಲ್ಲಿದ್ದ ಸಾಧನಗಳಲ್ಲಿ ಮುಖ್ಯವಾದುವು ಎರಡು. ಮೊದಲನೆಯದು ಫಿರ್ಮಾ. ತನ್ನ ಆಸ್ತಿಗೋ ಮೈಗೋ ಅಧಿಕಾರಿಯಿಂದ ಅನ್ಯಾಯವಾದೀತೆಂದು ಹೆದರಿದವನು, ತೀರ್ಪಿಗೆ ತಾನು ತಲೆಬಾಗುವೆನೆಂದು ಜಾಮೀನು ಕೊಟ್ಟು, ನ್ಯಾಯಾಧಿಪತಿಯಿಂದ ಒಂದು ತಡೆಯಾಜ್ಞೆಯನ್ನು ಪಡೆಯುತ್ತಿದ್ದನು. ಆ ಕಾಗದ ಕೈಯಲ್ಲಿದ್ದರೆ ವಿಚಾರಣೆ ಮುಗಿಯುವವರೆಗೆ ದೊರೆಯ ಅಧಿಕಾರಿಯೂ ಅವನನ್ನು ಮುಟ್ಟುವಂತಿರಲಿಲ್ಲ. ಎರಡನೆಯದು ಇನ್ನೂ ಹೆಚ್ಚಿನದು. ಅದಕ್ಕೆ ಮಾನಿಫೆಸ್ತಾಸಿಯೋನ್, ಎಂದರೆ ಪ್ರತ್ಯಕ್ಷಪಡಿಸುವುದು, ಎಂದು ಹೆಸರು. ಸೆರೆಯಲ್ಲಿರುವವನಾಗಲಿ ಅವನ ಪರವಾಗಿ ಮತ್ತೊಬ್ಬನಾಗಲಿ ಬೇಡಿಕೊಂಡರೆ, ನ್ಯಾಯಾಧಿಪತಿಯ ಸೇವಕರು ಹೋಗಿ ಆ ಕೈದಿಯನ್ನು ಯಾರ ಸೆರೆಯಲ್ಲಿದ್ದರೂ ಅಲ್ಲಿಂದ ಹೊರಕ್ಕೆ ತಂದು, ಸರಗೋಸಾ ನಗರದ ಸಂತೆಯ ಚೌಕದ ಬಳಿ ಇದ್ದ ಪ್ರತ್ಯೇಕವಾದ ಸೆರೆಮನೆಯಲ್ಲಿಡುತ್ತಿದ್ದರು. ಅವನು ಬಿಡುಗಡೆ ಹೊಂದಿದನೆಂದು ಅರ್ಥವಲ್ಲ; ಅವನ ಮೇಲಿನ ಆಪಾದನೆ ಹಾಗೆಯೇ ನಿಲ್ಲುತ್ತಿತ್ತು, ತಪ್ಪಿತಸ್ಥನಾದರೆ ಶಿಕ್ಷೆಯೂ ತಪ್ಪುತ್ತಿರಲಿಲ್ಲ. ಆದರೆ ಆ ಬಾಗಿಲಿನೊಳಗೆ ಅವನಿಗೆ ಚಿತ್ರಹಿಂಸೆಯಿಲ್ಲ, ಕತ್ತಲೆಯಲ್ಲಿ ಕೊಲೆಯಿಲ್ಲ, ವಿಚಾರಣೆಯಿಲ್ಲದ ದಂಡನೆಯಿಲ್ಲ. ಇಂಗ್ಲೆಂಡಿನಿಂದ ನಮ್ಮ ಉಚ್ಚ ನ್ಯಾಯಾಲಯಗಳಿಗೆ ಬಂದಿರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬಲ್ಲವರು ಇದನ್ನು ಅದರ ದೂರದ ನೆಂಟನೆಂದು ಗುರುತಿಸುವರು. ನ್ಯಾಯಾಧಿಪತಿಗೆ ಐದು ಜನ ಸಹಾಯಕ ನ್ಯಾಯಾಧೀಶರಿದ್ದರು. ಅವರು ತಪ್ಪಿದರೆ ದೂರನ್ನು ಕೇಳಲು ವಕೀಲರಲ್ಲದ 17 ಮಂದಿಯ ಒಂದು ಮಂಡಲಿಯೂ ಇತ್ತು.

ಇಷ್ಟನ್ನು ಓದಿದ ಹಿಂದಿನ ಲೇಖಕರಲ್ಲಿ ಅನೇಕರು ಅರಗೋನನ್ನು ಸ್ವಾತಂತ್ರ್ಯದ ತವರುಮನೆಯೆಂದು ಹೊಗಳಿದರು. ಪಟ್ಟಾಭಿಷೇಕದ ಕಾಲದಲ್ಲಿ ಪ್ರಜೆಗಳು ದೊರೆಗೆ, ನಾವು ನಿನಗೆ ಸಮಾನರು, ನಮ್ಮ ಕಟ್ಟಳೆಗಳನ್ನು ಕಾಪಾಡಿದರೆ ಮಾತ್ರ ನೀನು ದೊರೆ, ಇಲ್ಲವಾದರೆ ಇಲ್ಲ ಎಂಬ ಅರ್ಥದ ಪ್ರತಿಜ್ಞೆಯನ್ನು ಹೇಳುತ್ತಿದ್ದರೆಂಬ ಕಥೆ ಯೂರೋಪಿನಲ್ಲೆಲ್ಲ ಹರಡಿತು. ಕೇಳಲು ಇಂಪಾದ ಕಥೆ. ಆದರೆ 1968ರಲ್ಲಿ ರಾಲ್ಫ್ ಗೀಸಿ ಎಂಬ ಅಮೆರಿಕದ ವಿದ್ವಾಂಸರು ಪತ್ರಗಳನ್ನೆಲ್ಲ ಶೋಧಿಸಿ, ಆ ಪ್ರತಿಜ್ಞೆಯನ್ನು ಯಾರೂ ಯಾವ ಪಟ್ಟಾಭಿಷೇಕದಲ್ಲಿಯೂ ಹೇಳಿರಲಿಲ್ಲವೆಂದೂ, ಅದು ಹದಿನಾರನೆಯ ಶತಮಾನದ ಕಲ್ಪನೆಯೆಂದೂ ತೋರಿಸಿಕೊಟ್ಟರು. ಅದನ್ನು ಪ್ರಚಾರಮಾಡಿದವರಲ್ಲಿ ನಮ್ಮ ಓಡಿಹೋದ ಕೈದಿಯೂ ಒಬ್ಬ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಇನ್ನು ಈ ಹಕ್ಕುಗಳ ಎಲ್ಲೆ ಎಲ್ಲಿದ್ದಿತೆಂಬುದನ್ನು ನೋಡೋಣ. ಅದು ದೊರೆಯ ಅರಮನೆಯ ಕಡೆಗಿಂತ ಮೊದಲು ಹೊಲಗದ್ದೆಗಳ ಕಡೆ ಇದ್ದಿತು. ಪಾಳೆಯಗಾರರ ಜಮೀನಿನ ಮೇಲೆ ವಾಸಿಸುತ್ತಿದ್ದ ಒಕ್ಕಲುಗಳ ಮೇಲೆ ಒಡೆಯನಿಗೆ ಪರಮಾಧಿಕಾರವುಂಟೆಂದು ಅರಗೋನಿನ ಅದೇ ಕಟ್ಟಳೆಗಳು ಒಪ್ಪಿದ್ದುವು. ಒಡೆಯನು ಒಕ್ಕಲಿನವನನ್ನು ಹಸಿವು, ಬಾಯಾರಿಕೆ, ಚಳಿಗಳಿಂದ ಸಾಯಿಸಿದರೂ ಅವನನ್ನು ಕೇಳುವವರಿಲ್ಲವೆಂಬವರೆಗೆ ಆ ಅಧಿಕಾರವನ್ನು ವಿವರಿಸಿದ್ದರು. ಅವನ ಕೈಗೆ ಸಿಕ್ಕಿದ ಬಡವನಿಗೆ ದೊರೆಯ ನ್ಯಾಯಸ್ಥಾನವೂ ಇಲ್ಲ, ನ್ಯಾಯಾಧಿಪತಿಯ ಸೆರೆಮನೆಯ ಸುಖವೂ ಇಲ್ಲ. ಸಂತೆಯ ಚೌಕದ ಆ ಬಾಗಿಲು ಸರದಾರನಿಗೂ ಪಟ್ಟಣಿಗನಿಗೂ ತೆರೆಯುತ್ತಿತ್ತು. ಒಡೆಯನ ಊರಿನ ಒಕ್ಕಲಿಗನು ಆ ಬಾಗಿಲವರೆಗೆ ಬರುವಂತೆಯೇ ಇರಲಿಲ್ಲ. ಕಟ್ಟಳೆಗಳಿಗಾಗಿ ಎದೆಗೊಟ್ಟು ನಿಂತ ಪಾಳೆಯಗಾರರು ಈ ಕಟ್ಟಳೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಾಪಾಡಿಕೊಂಡರೆಂಬುದನ್ನು ಮರೆಯಲಾಗದು. ಇನ್ನೊಂದು ಎಲ್ಲೆಯು ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನ. 1484ರಲ್ಲಿ ಅದನ್ನು ಹೊಸ ರೂಪದಲ್ಲಿ ಅರಗೋನಿಗೆ ತಂದರು. ಮರುವರ್ಷವೇ ಸರಗೋಸಾದ ದೊಡ್ಡ ಇಗರ್ಜಿಯಲ್ಲಿ ವಿಚಾರಣಾಧಿಕಾರಿ ಪೇದ್ರೊ ಅರ್ಬುಎಸ್ ಪ್ರಾರ್ಥನೆಮಾಡುತ್ತಿದ್ದಾಗ ಅವನ ಮೇಲೆ ಬಿದ್ದು ಕೊಂದರು. ಕೊಲೆಯಿಂದ ಆ ನ್ಯಾಯಸ್ಥಾನವು ಸಡಿಲವಾಗುವುದಕ್ಕೆ ಬದಲಾಗಿ ಇನ್ನೂ ಬಿಗಿಯಾಯಿತು. ಕಟ್ಟಳೆಗಳ ಗೋಡೆಯಲ್ಲಿ ಅದೊಂದು ಬಿರುಕು. ದೊರೆಗೆ ಮುಂದೆ ಅದರ ಉಪಯೋಗ ತಿಳಿಯಿತು.

ಈಗ ಕೈದಿಯ ವಿಷಯಕ್ಕೆ ಬರೋಣ. ಅವನ ಹೆಸರು ಆಂತೋನಿಯೊ ಪೆರೆಸ್. ಅವನು ಫಿಲಿಪನ ಕಾರ್ಯದರ್ಶಿ, ಗುಟ್ಟಿನ ಪತ್ರಗಳೆಲ್ಲ ಅವನ ಕೈಯಲ್ಲಿ. 1578ನೆಯ ಮಾರ್ಚ್ 31ರ ರಾತ್ರಿ ಮ್ಯಾಡ್ರಿಡ್ ಬೀದಿಯಲ್ಲಿ ಹುವಾನ್ ದೆ ಎಸ್ಕೊಬೆದೊ ಎಂಬುವನನ್ನು ಕೆಲವರು ಇರಿದು ಕೊಂದರು. ಸತ್ತವನು ದೊರೆಯ ಮಲತಮ್ಮನಾದ ಆಸ್ಟ್ರಿಯಾದ ಡಾನ್ ಹುವಾನನ ಕಾರ್ಯದರ್ಶಿ. ಕೊಲ್ಲಿಸಿದವನು ಪೆರೆಸ್; ದೊರೆಯ ಸಮ್ಮತಿ ಇದ್ದಿತೆಂಬುದನ್ನು ಚರಿತ್ರೆಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಮರುವರ್ಷ ದೊರೆಯ ಮನಸ್ಸು ತಿರುಗಿ ಪೆರೆಸನು ಸೆರೆಯಾದನು. ಹನ್ನೊಂದು ವರ್ಷಗಳ ಹಿಂಸೆಯ ತರುವಾಯ ಹೆಂಡತಿ ಹುವಾನಾ ಕೊಎಯೊಳ ಸಹಾಯದಿಂದ ಅವನು ಓಡಿದ್ದನ್ನು ಆಗಲೇ ಹೇಳಿದೆವು. ಅವನ ತಂದೆಯ ಕಡೆಯವರು ಅರಗೋನಿನವರು. ಆ ಸಂಬಂಧವನ್ನು ಹಿಡಿದು ಕಲತಾಯುದ್ ಎಂಬ ಊರಿನಲ್ಲಿ ಪ್ರತ್ಯಕ್ಷಪಡಿಸುವ ಹಕ್ಕನ್ನು ಬೇಡಿದನು. ದೊರೆಯ ಆಳುಗಳು ಅವನನ್ನು ಹಿಡಿಯುವ ಮೊದಲೇ ನ್ಯಾಯಾಧಿಪತಿಯ ಸೇವಕರು ಬಂದು ಅವನನ್ನು ಸರಗೋಸಾಕ್ಕೆ ಕರೆದುಕೊಂಡುಹೋದರು.

ಪೆರೆಸನು ಸತ್ಪುರುಷನಲ್ಲ. ಇವನಂಥವನಿಗಾಗಿ ಒಂದು ನಾಡು ತನ್ನ ಹಕ್ಕುಗಳನ್ನು ಪಣವಿಡಬೇಕಾಗಿ ಬಂದದ್ದು ದೌರ್ಭಾಗ್ಯವೆಂದು ನಮಗೆ ತೋರುತ್ತದೆ. ಆದರೆ ಬಾಗಿಲು ತಟ್ಟಿದವನು ಒಳ್ಳೆಯವನೆ ಕೆಟ್ಟವನೆ ಎಂದು ನೋಡಿ ತೆರೆಯುವ ಬಾಗಿಲಾಗಿದ್ದರೆ ಅದಕ್ಕೆ ಹಕ್ಕು ಎಂಬ ಹೆಸರು ಸಲ್ಲುತ್ತಿರಲಿಲ್ಲ. ಫಿಲಿಪನು ಮೊದಲು ಕಾನೂನಿನ ದಾರಿಯಲ್ಲಿಯೇ ನಡೆದನು. ಸಾಮಾನ್ಯನೊಬ್ಬನಂತೆ ನ್ಯಾಯಾಧಿಪತಿಯ ಮುಂದೆ ಫಿರ್ಯಾದಿಯಾದನು. ಪೆರೆಸನು ತನ್ನ ಸಮರ್ಥನೆಗಾಗಿ ದೊರೆಯ ಕೈಬರಹದ ಪತ್ರಗಳನ್ನು ಹೊರಕ್ಕೆ ತೆಗೆಯಲಾರಂಭಿಸಿದಾಗ, ಫಿರ್ಯಾದು ಸಾಗಿದರೆ ಯಾರ ಮಾನ ಹೋಗುವುದೆಂಬುದು ಸ್ಪಷ್ಟವಾಯಿತು. ದೊರೆಯು ವ್ಯಾಜ್ಯವನ್ನು ಹಿಂದಕ್ಕೆ ತೆಗೆದುಕೊಂಡನು. ತರುವಾಯ ಇನ್ನೊಂದು ಮಾರ್ಗ ಹಿಡಿದನು: ದೊರೆಯು ತನ್ನ ಸ್ವಂತ ನೌಕರರನ್ನು ವಿಚಾರಿಸುವಾಗ ಕಟ್ಟಳೆಗಳ ರಕ್ಷಣೆ ಅವರಿಗೆ ಅಷ್ಟಾಗಿ ಇರಲಿಲ್ಲ. ತಾನು ನೌಕರಿ ಮಾಡಿದ್ದು ಕ್ಯಾಸ್ಟೈಲಿನಲ್ಲೇ ಹೊರತು ಅರಗೋನಿನಲ್ಲಲ್ಲ ಎಂದು ಪೆರೆಸನು ವಾದಿಸಿದನು. ಆ ದಾರಿಯೂ ನಿಧಾನವಾಯಿತು. ಆಗ ಕಣ್ಣಿಗೆ ಬಿದ್ದದ್ದು ಇನ್‌ಕ್ವಿಸಿಷನ್.

ಸೆರೆಯಲ್ಲಿ ನೋವು ತಡೆಯಲಾರದೆ ಪೆರೆಸನು ದೇವರ ವಿಷಯದಲ್ಲಿ ಆಡಿದ್ದ ಕೆಲವು ಬಿರುಸುಮಾತುಗಳನ್ನು ಆಯ್ದು, ದೊರೆಯ ಗುರುವಾದ ಪಾದ್ರಿ ದಿಯೆಗೊ ದೆ ಚಾವೆಸನಿಗೆ ಕಳುಹಿಸಿದರು. ಅವುಗಳಲ್ಲಿ ಪಾಷಂಡಮತವಿದೆಯೆಂದು ಆತನು ಬರೆದುಕೊಟ್ಟನು. ಗಡಿಯಾಚೆಯ ಬೆಯಾರ್ನ್ ನಾಡಿಗೆ ಓಡಿಹೋಗುವ ಯೋಚನೆಯಿತ್ತೆಂಬುದೂ, ಅಲ್ಲಿನವರು ಪ್ರಾಟೆಸ್ಟೆಂಟರಾದುದರಿಂದ, ಧರ್ಮದ್ರೋಹದ ಲೆಕ್ಕಕ್ಕೆ ಸೇರಿತು. 1591ನೆಯ ಮೇ 24ರಂದು ಅವನನ್ನು ಸಂತೆಯ ಚೌಕದ ಸೆರೆಮನೆಯಿಂದ ತೆಗೆದು, ಊರಾಚೆ ಇನ್‌ಕ್ವಿಸಿಷನ್ ನೆಲೆಸಿದ್ದ ಅಲ್‌ಹಫೆರಿಯಾ ಎಂಬ ಹಳೆಯ ಅರಬ್ಬೀ ಅರಮನೆಗೆ ಸಾಗಿಸಿದರು. ಸಂಗತಿ ತಿಳಿದ ಕೂಡಲೆ ಊರು ಎದ್ದಿತು. ದೊರೆಯ ಪ್ರತಿನಿಧಿಯಾಗಿದ್ದ ಅಲ್ಮೆನಾರಾದ ಪ್ರಭುವಿನ ಮನೆಯನ್ನು ಜನರು ಮುತ್ತಿ ಅವನನ್ನು ಹೊಡೆದರು. ಕೆಲವು ದಿನಗಳಲ್ಲಿ ಅವನು ತೀರಿಕೊಂಡನು. ಅರಗೋನಿನವನಲ್ಲದವನನ್ನು ರಾಜಪ್ರತಿನಿಧಿಯಾಗಿ ನೇಮಿಸುವ ಅಧಿಕಾರ ದೊರೆಗುಂಟೆಂದು ಸಾಧಿಸಲು ಬಂದಿದ್ದವನು ಅವನು. ಆದ್ದರಿಂದ ಜನರಿಗೆ ಅವನ ಮೇಲೆ ಮೊದಲೇ ಸಿಟ್ಟಿತ್ತು. ಸಂಜೆಯ ಹೊತ್ತಿಗೆ ಪೆರೆಸನು ಹಳೆಯ ಸೆರೆಮನೆಗೆ ಹಿಂದಿರುಗಿದನು.

ಇದಾದಮೇಲೆ ವಕೀಲರು ಕೊಟ್ಟ ಅಭಿಪ್ರಾಯವು ನಮಗೆ ಈ ಕಥೆಯಲ್ಲೆಲ್ಲ ಹೆಚ್ಚು ಯೋಚನೆಗೆ ಹಚ್ಚುವ ಭಾಗ. ಪ್ರತ್ಯಕ್ಷಪಡಿಸುವ ಹಕ್ಕನ್ನು ರದ್ದುಮಾಡಲು ಇನ್‌ಕ್ವಿಸಿಷನ್ನಿಗೆ ಅಧಿಕಾರವಿಲ್ಲ, ಆದರೆ ಅದನ್ನು ಅಮಾನತಿನಲ್ಲಿಡಬಹುದು, ಎಂದರು ಅವರು. ಹಕ್ಕು ಇದೆ, ಸದ್ಯಕ್ಕೆ ಕೆಲಸಮಾಡುವುದಿಲ್ಲ. ಓಡಿಬಂದು ಬಾಗಿಲು ಹಿಡಿದು ನಿಂತವನಿಗೆ ಈ ಎರಡಕ್ಕೂ ಇರುವ ಅಂತರ ಎಷ್ಟು ಸಣ್ಣದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಅಭಿಪ್ರಾಯದ ಬಲದ ಮೇಲೆ ಸೆಪ್ಟೆಂಬರ್ 24ರಂದು ಮತ್ತೆ ಅವನನ್ನು ಸಾಗಿಸಹೊರಟರು. ಎರಡು ದಿನ ಮುಂಚೆಯಷ್ಟೇ ಹಳೆಯ ನ್ಯಾಯಾಧಿಪತಿಯು ತೀರಿಕೊಂಡು, ಅವನ ಮಗ, 27 ವರ್ಷದ ಹುವಾನ್ ದೆ ಲನೂಸಾ, ಪದವಿಗೆ ಬಂದಿದ್ದನು. ಮತ್ತೆ ದಂಗೆಯಾಯಿತು, ಜನರು ಸತ್ತರು, ಪೆರೆಸನು ಸೆರೆಯೊಡೆದು ಹೊರಬಿದ್ದನು. ನವೆಂಬರಿನಲ್ಲಿ ಬೆಟ್ಟಗಳನ್ನು ದಾಟಿ ಬೆಯಾರ್ನ್ ಸೇರಿದನು. ಅವನ ಕಥೆ ನಮಗೆ ಇಲ್ಲಿಗೆ ಮುಗಿಯಿತು. 1611ರಲ್ಲಿ ಪ್ಯಾರಿಸಿನಲ್ಲಿ ಸತ್ತನೆಂದು ಹೇಳಿ ಅವನನ್ನು ಬಿಟ್ಟುಬಿಡೋಣ.

ಫಿಲಿಪನು ಅಷ್ಟರಲ್ಲಿ ಗಡಿಯ ಬಳಿ ಆಗ್ರೆದಾ ಎಂಬಲ್ಲಿ 12,000ಕ್ಕೂ ಹೆಚ್ಚು ಸೈನ್ಯವನ್ನು ಅಲೋನ್ಸೊ ದೆ ವರ್ಗಾಸನ ಕೈಕೆಳಗೆ ಕೂಡಿಸಿದ್ದನು. ಫ್ರಾನ್ಸಿಗೆ ಹೋಗುವ ಸೈನ್ಯವೆಂದು ಹೇಳಿಸಿದನು. ಪರನಾಡಿನ ಆಯುಧಪಾಣಿಗಳು ಅಧಿಕಾರ ನಡೆಸಲು ಅರಗೋನನ್ನು ಹೊಕ್ಕರೆ ನ್ಯಾಯಾಧಿಪತಿಯು ನಾಡಿನ ಜನರನ್ನು ಕೂಡಿಸಿ ಎದುರಿಸಬೇಕೆಂದು ಕಟ್ಟಳೆ ಇದ್ದಿತು. ನ್ಯಾಯಸ್ಥಾನವು ಸೈನ್ಯದ ಪ್ರವೇಶ ಕಟ್ಟಳೆಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಹೀಗಾಗಿ ಕಾನೂನು ಓದಿದ್ದ ಒಬ್ಬ ಯುವಕನು, ಪದವಿಗೆ ಬಂದು ತಿಂಗಳೆರಡಾಗುವ ಮೊದಲೇ, ಯೂರೋಪಿನ ಮಹಾಪ್ರಭುವಿನ ಸೇನೆಗೆ ಎದುರಾಗಿ ಧ್ವಜ ಹಿಡಿದು ಹೊರಡಬೇಕಾಯಿತು. ಉಳಿದ ಊರುಗಳಿಂದ ನೆರವು ಬರಲಿಲ್ಲ. ಸೇರಿದ್ದ ಕೆಲವು ಜನಕ್ಕೆ ಶಿಸ್ತೂ ಇಲ್ಲ, ಆಯುಧವೂ ಸಾಲದು. ಉತೆಬೊ ಎಂಬ ಹಳ್ಳಿಯವರೆಗೆ ಹೋದ ಲನೂಸಾ ಅವರನ್ನು ಅಲ್ಲಿಯೇ ಬಿಟ್ಟು ಎಪಿಲಾಕ್ಕೆ ಹೊರಟುಹೋದನು. ನವೆಂಬರ್ 12ರಂದು ವರ್ಗಾಸನು ಹೋರಾಟವಿಲ್ಲದೆ ಸರಗೋಸಾವನ್ನು ಹೊಕ್ಕನು. ಹಲವರು ಲನೂಸಾನನ್ನು ಹೇಡಿಯೆಂದಿದ್ದಾರೆ. ನಮಗೆ ಹಾಗೆನ್ನಲು ಮನಸ್ಸು ಬರುವುದಿಲ್ಲ. ತೀರ್ಪು ಬರೆಯುವುದು ಅವನಿಗೆ ಕಲಿಸಿದ್ದ ಕೆಲಸ, ದಂಡು ನಡೆಸುವುದಲ್ಲ.

ಊರು ಶಾಂತವಾಯಿತು. ಸೈನ್ಯವು ಯಾರನ್ನೂ ಮುಟ್ಟಲಿಲ್ಲ. ಧೈರ್ಯಗೊಂಡ ಲನೂಸಾ ಹಿಂದಿರುಗಿ ಎಂದಿನಂತೆ ನ್ಯಾಯಸ್ಥಾನದಲ್ಲಿ ಕುಳಿತನು. ಒಂದು ತಿಂಗಳು ಕಳೆದ ಮೇಲೆ ಮ್ಯಾಡ್ರಿಡ್ಡಿನಿಂದ ಒಂದು ಚಿಕ್ಕ ನಿರೂಪ ಬಂದಿತು. ನ್ಯಾಯಾಧಿಪತಿಯನ್ನು ಸೆರೆಹಿಡಿಯಿರಿ, ಅವನು ಸೆರೆಯಾದ ಸುದ್ದಿಯೂ ಸತ್ತ ಸುದ್ದಿಯೂ ನನಗೆ ಒಟ್ಟಿಗೆ ತಲುಪಲಿ ಎಂಬುದು ಅದರ ತಾತ್ಪರ್ಯ. ಡಿಸೆಂಬರ್ 19ರಂದು ಹಿಡಿದರು. 20ರ ಬೆಳಿಗ್ಗೆ ಸಂತೆಯ ಚೌಕದಲ್ಲಿ, ಅವನ ಆಜ್ಞೆಯಿಂದ ಎಷ್ಟೋ ಕೈದಿಗಳು ಜೀವ ಉಳಿಸಿಕೊಂಡಿದ್ದ ಸೆರೆಮನೆಯ ಹತ್ತಿರವೇ, ತಲೆ ಹೊಡೆದರು. ಕಟ್ಟಳೆಯ ಪ್ರಕಾರ ನ್ಯಾಯಾಧಿಪತಿಯನ್ನು ವಿಚಾರಿಸತಕ್ಕವರು ದೊರೆಯೂ ಕೋರ್ತೆಸ್ ಸಭೆಯೂ ಕೂಡಿ. ಸಭೆ ಕೂಡಲಿಲ್ಲ, ಆಪಾದನೆ ಬರೆಯಲಿಲ್ಲ, ಸಾಕ್ಷಿ ಕೇಳಲಿಲ್ಲ. ಯಾರಿಗೇ ಆಗಲಿ ವಿಚಾರಣೆಯಿಲ್ಲದೆ ದಂಡನೆಯಾಗದಂತೆ ನೋಡಿಕೊಳ್ಳಬೇಕಾಗಿದ್ದ ಆ ಒಬ್ಬ ಮನುಷ್ಯನಿಗಾಗಿ ಬಾಗಿಲು ತಟ್ಟಬಲ್ಲವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಘೋಷಣೆಯಲ್ಲಿ ದ್ರೋಹಿಯೆಂಬ ಮಾತು ಬಂದಾಗ, ದ್ರೋಹಿಯಲ್ಲ, ತಪ್ಪು ಆಲೋಚನೆ ಕೇಳಿದವನು ಎಂದು ಅವನು ತಿದ್ದಿದನಂತೆ.

ಇಷ್ಟಾದಮೇಲೆ ಫಿಲಿಪನು ಕಟ್ಟಳೆಗಳನ್ನೆಲ್ಲ ಕಿತ್ತೊಗೆದನೆಂದು ಶ್ರೋತೃಗಳು ಊಹಿಸಬಹುದು. ಅವನು ಹಾಗೆ ಮಾಡಲಿಲ್ಲ. 1592ರಲ್ಲಿ ತರಸೋನಾದಲ್ಲಿ ಕೋರ್ತೆಸನ್ನು ಕ್ರಮವಾಗಿ ಕೂಡಿಸಿದನು. ಅವರ ಒಪ್ಪಿಗೆಯಿಂದಲೇ ನ್ಯಾಯಾಧಿಪತಿಯನ್ನು ದೊರೆಯು ತೆಗೆಯಬಹುದೆಂದಾಯಿತು. ಪರನಾಡಿನ ರಾಜಪ್ರತಿನಿಧಿಯನ್ನು ನೇಮಿಸಬಹುದೆಂದಾಯಿತು. ಒಬ್ಬನು ಒಲ್ಲೆನೆಂದರೂ ಸಭೆ ನಿಲ್ಲುತ್ತಿದ್ದ ಹಳೆಯ ಪದ್ಧತಿಗೆ ಬದಲಾಗಿ ಬಹುತೇಕ ವಿಷಯಗಳಲ್ಲಿ ಹೆಚ್ಚುಮಂದಿಯ ಮತ ಸಾಕೆಂದಾಯಿತು. ಕಟ್ಟಡವನ್ನು ಹಾಗೆಯೇ ಬಿಟ್ಟು ಬೀಗದ ಕೈಯನ್ನು ಮಾತ್ರ ತೆಗೆದುಕೊಂಡನು. ಪೂರ್ತಿ ಕೆಡವಿದವನು ಐದನೆಯ ಫಿಲಿಪ್: ಪಟ್ಟಕ್ಕಾಗಿ ನಡೆದ ಯುದ್ಧದಲ್ಲಿ ಅರಗೋನ್ ಎದುರುಪಕ್ಷ ಸೇರಿತೆಂದು, 1707ನೆಯ ಜೂನ್ 29ರ ಆಜ್ಞೆಯಿಂದ ಕಟ್ಟಳೆಗಳನ್ನೂ ನ್ಯಾಯಾಧಿಪತಿಯ ಪದವಿಯನ್ನೂ ಒಟ್ಟಿಗೆ ತೆಗೆದುಹಾಕಿದನು. ಅದರೊಂದಿಗೆ ಪಾಳೆಯಗಾರನಿಗೆ ಒಕ್ಕಲುಗಳ ಮೇಲಿದ್ದ ಪರಮಾಧಿಕಾರವೂ ಹೋಯಿತು. ಸರಗೋಸಾದ ಪಟ್ಟಣಿಗನು ಅತ್ತ ದಿನ ಹಳ್ಳಿಯ ಒಕ್ಕಲಿಗನೂ ಅತ್ತನೆಂದು ನಾವು ಹೇಳಲಾರೆವು. 1711ರಲ್ಲಿ ಮದುವೆ, ದಾಯಭಾಗ ಮೊದಲಾಗಿ ಪ್ರಜೆಪ್ರಜೆಗಳೊಳಗಿನ ವ್ಯವಹಾರಗಳ ಮಟ್ಟಿಗೆ ಹಳೆಯ ಕಾನೂನನ್ನು ಹಿಂದಕ್ಕೆ ಕೊಟ್ಟರು. ದೊರೆಯ ವಿರುದ್ಧ ಹೇಳಿಕೊಳ್ಳುವ ಭಾಗವನ್ನು ಕೊಡಲಿಲ್ಲ.

ಸ್ಪೇನಿನಲ್ಲಿ 1978ರ ರಾಜ್ಯಾಂಗವು ಬಂದ ತರುವಾಯ, 1982ರ ಅರಗೋನಿನ ಸ್ವಾಯತ್ತ ಶಾಸನದಲ್ಲಿ ಹುಸ್ತೀಸಿಯಾ ಎಂಬ ಪದವಿ ಮತ್ತೆ ಹುಟ್ಟಿತು. ಆದರೆ ಈಗಿನ ನ್ಯಾಯಾಧಿಪತಿಯು ಪ್ರಜೆಗಳ ದೂರುಗಳನ್ನು ಕೇಳಿ ಸರ್ಕಾರಕ್ಕೆ ಸಲಹೆ ಬರೆಯುವವನು. ಕೈದಿಯನ್ನು ಬಿಡಿಸುವ ಆಜ್ಞೆಯನ್ನು ಕೊಡಲಾರನು. ಆ ಕೆಲಸವು ಸ್ಪೇನಿನ ಎಲ್ಲ ಸೀಮೆಗಳಿಗೂ ಅನ್ವಯಿಸುವ ಹೇಬಿಯಸ್ ಕಾರ್ಪಸ್ ಶಾಸನದಂತೆ ಸಾಮಾನ್ಯ ನ್ಯಾಯಾಧೀಶರಿಗೆ ಸೇರಿದೆ. ಪೊಲೀಸರು ಹಿಡಿದವನನ್ನು ಸಾಮಾನ್ಯವಾಗಿ 72 ಗಂಟೆಗಳಿಗಿಂತ ಹೆಚ್ಚು ಇಟ್ಟುಕೊಳ್ಳಕೂಡದೆಂದು ರಾಜ್ಯಾಂಗದ 17ನೆಯ ವಿಧಿ ಹೇಳುತ್ತದೆ. ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ನ್ಯಾಯಾಧೀಶನು ವಿಚಾರಣೆಗೆ ಅಂಗೀಕರಿಸಿದ ಮೇಲೆ 24 ಗಂಟೆಗಳಲ್ಲಿ ತೀರ್ಮಾನಿಸಬೇಕೆಂದು ಆ ಶಾಸನ ವಿಧಿಸುತ್ತದೆ. ಅದರ ಪೀಠಿಕೆಯಲ್ಲಿ ಅರಗೋನಿನ ಪ್ರತ್ಯಕ್ಷಪಡಿಸುವ ಹಕ್ಕನ್ನು ಹೆಸರಿಟ್ಟು ನೆನೆದಿದ್ದಾರೆ. ರಾಜ್ಯಾಂಗದ 55ನೆಯ ವಿಧಿಯಲ್ಲಾದರೋ, ದೇಶಕ್ಕೆ ವಿಷಮಕಾಲ ಬಂದಿತೆಂದು ಘೋಷಣೆಯಾದಾಗ 17ನೆಯ ವಿಧಿಯ ರಕ್ಷಣೆಗಳನ್ನು ಅಮಾನತಿನಲ್ಲಿಡಬಹುದೆಂದು ಬರೆದಿದೆ. ಸರಗೋಸಾದ ವಕೀಲರು 1591ರಲ್ಲಿ ಉಪಯೋಗಿಸಿದ ಮಾತೇ ಅದು. ಹೇಬಿಯಸ್ ಕಾರ್ಪಸ್ ಶಾಸನದ ತಾರೀಖು 1984ನೆಯ ಮೇ 24. ಪೆರೆಸನನ್ನು ಅಲ್‌ಹಫೆರಿಯಾಕ್ಕೆ ಸಾಗಿಸಿದ್ದು ಸಹ ಮೇ 24ರಂದೇ. ಶಾಸನಕರ್ತರು ಆ ದಿನವನ್ನು ಬೇಕೆಂದೇ ಆರಿಸಿಕೊಂಡರೆಂದು ನಮಗೆ ತೋರುವುದಿಲ್ಲ.